ಕೈಗುಣ

ಇಲಿಗಳಿಗೆ ಹೆಸರಿಡಬಾರದು ಅಂತ ಇಲ್ಲಿ ನಿಯಮ.
ಹಾಗಾಗಿ ಅದು ನಲವತ್ತೊಂದು.
ಕಿವಿಯಲ್ಲೊಂದು ತೂತು, ಬಾಲದ ಬುಡದಲ್ಲಿ ಹಸಿರು ಮಸಿ.

ಎಡಗಡೆ ಗೂಡಿನವನ್ನು ಬಾಲ ಹಿಡಿದು ಎತ್ತಬೇಕು,
ಬಲಗಡೆಯವನ್ನು ಬೊಗಸೆಯಲ್ಲಿ.
ದಿನಕ್ಕೆರಡು ಸಲ, ಒಂದೊಂದಕ್ಕೂ ಮೂವತ್ತರವರೆಗೆ ಎಣಿಸಿ.
ಎರಡೂ ಕೆಲಸಕ್ಕೆ ಅವೇ ಕೈಗಳು, ನನ್ನವು.
ವಿರ್ವೆ ಕಾಸಿಕ್ ಎಂಬ ಹೆಸರು
ಸಂಬಳದ ಚೀಟಿಯಲ್ಲುಂಟು.

ಟಾರ್ಟುವಿನಲ್ಲಿ ಡಿಸೆಂಬರಿನ ಬೆಳಕು
ಒಂಬತ್ತಕ್ಕೆ ಬಂದು ಮೂರಕ್ಕೆ ಹೊರಡುತ್ತದೆ,
ಅರೆಹೊತ್ತಿನ ಕೆಲಸದವಳ ಹಾಗೆ.
ನೆಲಮಾಳಿಗೆಗೆ ಅದೂ ಇಲ್ಲ. ಕೆಂಪು ಬಲ್ಬು,
ಮರದ ಹೊಟ್ಟಿನ ವಾಸನೆ, ಫ್ಯಾನಿನ ಗುಂಯ್.

ಹತ್ತನೇ ದಿನಕ್ಕೆ ಎಡಗಡೆಯವು
ನನ್ನ ಚಪ್ಪಲಿ ಸದ್ದಿಗೇ ಉಚ್ಚೆ ಹೊಯ್ದುಕೊಂಡು ಮೂಲೆ ಸೇರಿದವು.
ಬಲಗಡೆಯವು
ಅದೇ ಚಪ್ಪಲಿಯ ಅದೇ ಸದ್ದಿಗೆ
ಮೂಗೆತ್ತಿಕೊಂಡು ಬಾಗಿಲಿಗೆ ಬಂದವು.

ಡಾಕ್ಟರ್ ತ್ರೀನು, ನನ್ನ ಮಗಳ ವಯಸ್ಸು,
ಕಾಫಿ ಹೊತ್ತಿನಲ್ಲಿ ನ್ಯಾಪ್‌ಕಿನ್ ಮೇಲೆ ಮಿದುಳು ಬರೆದಳು.
ಕತ್ತಿನ ಮೇಲ್ಗಡೆ, ಕಾಂಡದೊಳಗೆ, ಒಂದು ಚುಕ್ಕೆ.
ಮನುಷ್ಯರಲ್ಲಿ ನೀಲಿ, ಇಲಿಗಳಲ್ಲಿ ಬಣ್ಣವಿಲ್ಲದ್ದು.
ಹೆದರಿದರೂ ಅದೇ ಗಂಟೆ ಹೊಡೆಯುವುದಂತೆ,
ಹಿಗ್ಗಿದರೂ ಅದೇ.
"ಒಳ್ಳೆಯದೋ ಕೆಟ್ಟದ್ದೋ ಅದು ಕೇಳುವುದಿಲ್ಲ, ವಿರ್ವೆ.
ಇದನ್ನು ಮರೆಯಬೇಡ ಅನ್ನುತ್ತದೆ, ಅಷ್ಟೇ."
ಆಮೇಲೆ ಅದೇ ನ್ಯಾಪ್‌ಕಿನ್ನಿನಲ್ಲಿ ತುಟಿ ಒರೆಸಿಕೊಂಡಳು.

ಎಮಾಯೊಗಿ ಅಂದರೆ ನಮ್ಮ ಮಾತಲ್ಲಿ ತಾಯಿಹೊಳೆ.
ಹೆಸರಿಟ್ಟ ಮಾತ್ರಕ್ಕೆ ಹೊಳೆ ತಾಯಾಗುವುದಿಲ್ಲ.
ನನಗೆ ಏಳು ವರ್ಷ, ಮಾರ್ಚ್ ತಿಂಗಳು,
ಕಾಲಡಿಯ ಮಂಜುಗಡ್ಡೆ ಕೊಟ್ಟ ಮಾತಿಗೆ ತಪ್ಪಿತು.
ನೀರು ತಣ್ಣಗಿರಲಿಲ್ಲ, ಕಾದ ಕಬ್ಬಿಣದ ಹಾಗಿತ್ತು.
ಮೇಲೆ ಬೆಳಕು ಒಂದು ಗುಂಡಿಯಷ್ಟು,
ಅಂಗಿಯ ಗುಂಡಿಯಷ್ಟು.
ಆಗ ಕೊರಳಪಟ್ಟಿಗೆ ಬಿತ್ತು ಒಂದು ಕೈ.

ಪೈಪ್ಸಿ ಸರೋವರದ ಕಡೆಯಿಂದ
ಈರುಳ್ಳಿ ಸರ ಮಾರಲು ಬರುವ ಗಡ್ಡದ ಮುದುಕ.
ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ.
ಕೋಟಿನ ಗುಂಡಿ ಬಿಚ್ಚಿ ನನ್ನನ್ನು ಒಳಗಿಟ್ಟು
ಮತ್ತೆ ಹಾಕಿಕೊಂಡ. ಅವನ ಎಡಗಂಕುಳಲ್ಲಿ
ಈರುಳ್ಳಿ, ಡಾಂಬರು, ಹಳೇ ಬೆವರು.
ತೆರೆಂತಿ ಅಂತ ಹೆಸರೆಂದು ಅಮ್ಮ ಆಮೇಲೆ ಹೇಳಿದಳು.

ಐವತ್ತೊಂದು ವರ್ಷವಾಯಿತು.
ಈಗಲೂ ಈರುಳ್ಳಿ ಸಿಪ್ಪೆ ಸುಲಿದೊಡನೆ
ಎದೆ ಧಸಕ್ಕೆಂದು ಮುಳುಗುತ್ತದೆ,
ಪಕ್ಕೆ ಬೆಚ್ಚಗಾಗುತ್ತದೆ.
ಯಾವುದು ಮೊದಲು ಅಂತ ಹಿಡಿಯಲು ಎಷ್ಟೋ ಸಲ ನೋಡಿದೆ, ಆಗಲಿಲ್ಲ.
ಈರುಳ್ಳಿ ಖಾರ ಅನ್ನುತ್ತಾನೆ ಗಂಡ, ನನ್ನ ಕಣ್ಣು ನೋಡಿ.
ಇದ್ದೀತು.

ಫೆಬ್ರವರಿಗೆ ಪ್ರಯೋಗ ಮುಗಿಯಿತು.
ಮುಗಿಯುವುದು ಅಂದರೇನು ಅಂತ
ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.
ಎಡಗಡೆಯವು ಕಚ್ಚಿದವು, ಗೂಡು ಹತ್ತಿ ಕೊಸರಾಡಿದವು.
ಅವುಗಳ ಲೆಕ್ಕ ಸರಿಯಾಗಿತ್ತು.

ನಲವತ್ತೊಂದು ತಾನಾಗಿ ಬೊಗಸೆಗೆ ಬಂತು.
ಒಂದು ಸುತ್ತು ತಿರುಗಿ, ಬೆರಳಸಂದಿಗೆ ಮೂಗು ತೂರಿಸಿ
ಕಣ್ಣು ಮುಚ್ಚಿತು.
ಮೂವತ್ತಾಯಿತು.
ಅರವತ್ತಾಯಿತು.
ಮತ್ತೆ ಒಂದರಿಂದ ಶುರು ಮಾಡಿದೆ.
ತ್ರೀನು ಗಾಜಿನ ಆಚೆಯಿಂದ ಉಗುರಲ್ಲಿ ತಟ್ಟಿದಳು,
ಮೆಲ್ಲಗೆ, ಎರಡು ಸಲ.

ವರದಿಯಲ್ಲಿ ಹೀಗಿದೆ: ಬಲಗುಂಪಿನ ರಕ್ತದಲ್ಲಿ
ಒತ್ತಡದ ಅಂಶ ಕೊನೆಯವರೆಗೂ ಕಡಿಮೆ.
ನಿನ್ನ ಕೈಗುಣ, ಅಂದಳು ತ್ರೀನು.
ಹೊಗಳಿದಳು, ನಿಜವಾಗಿಯೇ.

ಸಂಜೆ ಸೇತುವೆ ದಾಟುವಾಗ
ಕೆಳಗೆ ಮಂಜುಗಡ್ಡೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿತ್ತು.
ಎದೆ ತನ್ನ ಕೆಲಸ ಮಾಡಿತು, ಪಕ್ಕೆ ತನ್ನದು ಮಾಡಿತು.
ಕೈಗಳನ್ನು ಒಂದೊಂದು ಜೇಬಿಗೆ ಹಾಕಿಕೊಂಡೆ.
ಮನೆ ಮುಟ್ಟುವವರೆಗೂ ಅವು
ಅಲ್ಲೊಂದು, ಇಲ್ಲೊಂದು
ಅರ್ಧರ್ಧ ಬೊಗಸೆಯಾಗಿಯೇ ಇದ್ದವು.